ಏಣಿ ಲೆಕ್ಕ

ಅಪ್ಪ ಮತ್ತು ನಾನು ಒಂದೇ ಪುಸ್ತಕ ಓದುತ್ತೇವೆ.
ನನಗೆ ಹಗಲು ಶಾಲೆ, ಅವನಿಗೆ ರಾತ್ರಿಯದು.
ಎಲ್ ಆಲ್ತೋದ ಗಾಳಿ ಕಿಟಕಿಯ ರಟ್ಟನ್ನು ತಟ್ಟುವಾಗ
ಮೇಣಬಟ್ಟೆ ಹಾಸಿದ ಮೇಜಿನ ಮೇಲೆ
ಕೋಕಾ ಚಹಾದ ಎರಡು ಲೋಟ,
ಕೋನಮಾಪಕ ಒಂದೇ.
ಅದರ ಮೂವತ್ತರಿಂದ ನಲವತ್ತರವರೆಗೆ ಅಳಿಸಿಹೋಗಿದೆ;
ಅಲ್ಲಿಗೆ ಬಂದಾಗ ಅಂದಾಜು.

"ಐದು ಮೀಟರಿನ ಏಣಿ ಗೋಡೆಗೆ ಒರಗಿದೆ,
ನೆಲದೊಡನೆ ಅರವತ್ತು ಡಿಗ್ರಿ.
ಎಷ್ಟು ಎತ್ತರಕ್ಕೆ ತಾಗುತ್ತದೆ?"

ನಾನು ಸೈನ್ ಬರೆದು, ಮೂರರ ವರ್ಗಮೂಲ ಬರೆದು
ಎರಡರಿಂದ ಭಾಗಿಸುವಷ್ಟರಲ್ಲಿ
ಅಪ್ಪ ಗೋಡೆಯತ್ತ ಒಮ್ಮೆ ಕಣ್ಣೆತ್ತಿ,
"ನಾಲ್ಕೂಕಾಲು. ಮೇಲೆ ನಾಲ್ಕು ಬೆರಳು" ಎಂದ.
ಪುಸ್ತಕದ ಹಿಂಬದಿ: ನಾಲ್ಕು ದಶಾಂಶ ಮೂರು ಮೂರು.
ಬೆರಳು ಹಿಡಿದು ಅಳೆದೆ. ಸರಿ ಇತ್ತು.

"ಹಂತ ಬರೀಬೇಕಪ್ಪಾ, ಅಂಕ ಹಂತಕ್ಕೇ."
"ಹಂತವೇ? ಏಣಿಗೆ ಹದಿನಾರು.
ಮೂವತ್ತು ವರ್ಷ ಹತ್ತಿದ್ದೇನೆ, ಇನ್ನು ಬರೆಯುವುದೇನು?"
ಆಮೇಲೆ ಅವನವೇ ಪ್ರಶ್ನೆಗಳು:
ಬುಡ ಹಿಡಿದವರು ಯಾರು?
ನೆಲ ಮಣ್ಣೋ, ಹಸಿ ಸಿಮೆಂಟೋ?
ಗಾಳಿ?
"ಇಲ್ಲ ಎಂದು ಭಾವಿಸಿ, ಅಂತಿದೆ."
"ಎಲ್ ಆಲ್ತೋದಲ್ಲಿ!"
ನಗುತ್ತ ಕೆಮ್ಮಿದ, ಕೆಮ್ಮುತ್ತ ನಕ್ಕ.

ಲಂಬಕೋನ ಅವನಿಗೆ ದಾರದಲ್ಲಿ ಗೊತ್ತು.
ಹನ್ನೆರಡು ಗಂಟು, ಮಾಯಾ, ಪಾಯಾ, ಕಿಮ್ಸಾ ಎಂದು
ಅಜ್ಜಿಯ ಭಾಷೆಯಲ್ಲಿ ಎಣಿಸಿ
ಮೂರು, ನಾಲ್ಕು, ಐದಕ್ಕೆ ಎಳೆದು ಗೂಟ ಹೊಡೆದರೆ
ಮನೆಯ ಮೂಲೆ ತಯಾರು.
ಅದಕ್ಕೂ ಸಾಧನೆ ಕೊಡಬೇಕು ಎಂದಾಗ
ಹೆತ್ತ ತಾಯಿಯ ಗುರುತುಚೀಟಿ ಕೇಳಿದವರನ್ನು
ನೋಡುವ ಹಾಗೆ ನೋಡಿದ.

ಮಂಗಳವಾರ ಸಂಖ್ಯಾಶಾಸ್ತ್ರ.
ಏಳು ಕೆಲಸಗಾರರ ದಿನಗೂಲಿ:
ತೊಂಬತ್ತು, ತೊಂಬತ್ತು, ನೂರು, ನೂರು, ನೂರು, ನೂರಹತ್ತು,
ನಾನೂರ ಅರವತ್ತು.
ಸರಾಸರಿ ನೂರೈವತ್ತು. ಕೂಡಿ, ಭಾಗಿಸಿ ತೋರಿಸಿದೆ.
ಅಪ್ಪ ಸಾಲಿನುದ್ದಕ್ಕೂ ಬೆರಳಾಡಿಸಿದ,
ಶನಿವಾರ ಕೂಲಿ ಹಂಚುವವನ ಹಾಗೆ.
"ನೂರೈವತ್ತು ಪಡೆದವನು ಇವರಲ್ಲಿ ಯಾರು?"
ಯಾರೂ ಇಲ್ಲ.
"ಹಾಗಾದರೆ ಅದು ಯಾರ ಕೂಲಿ?"
ಮಧ್ಯಾಂಕ ಮಾತ್ರ ಅವನಿಗೆ ಇಷ್ಟ.
ಸಾಲಿನ ನಡುವೆ ನಿಂತ ನೂರು,
ಮುಖವಿರುವ ಮನುಷ್ಯ.
ಕೊನೆಯವನ ಪರಿಚಯವೂ ಇದೆಯಂತೆ:
ಬಿಳಿ ಗಾಡಿಯಲ್ಲಿ ಬರುತ್ತಾನಂತೆ, ಇಳಿಯುವುದಿಲ್ಲವಂತೆ.

ಇಪ್ಪತ್ತಮೂರನೆಯ ಲೆಕ್ಕ ಅವನತ ಕೋನದ್ದು.
"ಹನ್ನೆರಡು ಮೀಟರ್ ಕಟ್ಟಡದ ತುದಿಯಿಂದ
ಒಬ್ಬನು ನೆಲದ ಮೇಲಿನ ಬಿಂದುವನ್ನು ನೋಡುತ್ತಾನೆ."

ಅಪ್ಪ ಪೆನ್ಸಿಲ್ ಕೆಳಗಿಟ್ಟ.

ಎರಡು ವರ್ಷದ ಹಿಂದೆ, ಆಗಸ್ಟಿನಲ್ಲಿ,
ಇಲಾರಿಯೋನ್ ಹಿಡಿದಿದ್ದ ತಗಡಿಗೆ ಗಾಳಿ ತುಂಬಿತು.
ಅಪ್ಪ ತುದಿಗೆ ಬಂದು ಬಗ್ಗಿ ನೋಡಿದ್ದ.
ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ ಎನ್ನುತ್ತದೆ
ಪುಸ್ತಕದ ಮೊದಲ ಪುಟ.
ನೀಲಿ ಉಣ್ಣೆಟೊಪ್ಪಿ ಇತ್ತು ಎನ್ನುತ್ತಾನೆ ಅಪ್ಪ.

ಚಹಾ ಆರಿತು. ನೆರೆಯ ನಾಯಿ ಬೊಗಳಿ ಸುಮ್ಮನಾಯಿತು.
ಆಮೇಲೆ ತಾನೇ ಹಾಳೆ ಎಳೆದುಕೊಂಡು
ಹೆಸರು: ಸೆನೋಬಿಯೋ ಕೆಲ್ಕಾ, ಎಂದು ಬರೆದು
ನಾನು ಕಲಿಸಿದ ತಲೆಬರಹಗಳನ್ನು ಒಂದೊಂದಾಗಿ ಒತ್ತಿ ಬರೆದ.
ದತ್ತ: ಹನ್ನೆರಡು ಮೀಟರ್. ಗಾಳಿ ಇತ್ತು.
ಸಾಧನೀಯ: ಹಗ್ಗ ಇದ್ದಿದ್ದರೆ.
ರಚನೆ:
ತುದಿಯ ಮನುಷ್ಯನ ಸೊಂಟದಿಂದ ಒಂದು ಗೆರೆ ಎಳೆದು
ಕಂಬಕ್ಕೆ ಕಟ್ಟಿದ. ಎರಡು ಗಂಟು.
ಸಾಧನೆ ಎಂದು ಬರೆದು ಬಹಳ ಹೊತ್ತು ನೋಡಿದ,
ಖಾಲಿ ಬಿಟ್ಟ.

ಪಾಸಾದರೆ ಮೇಸ್ತ್ರಿಯ ಚೀಟಿ ಸಿಗುತ್ತದೆ.
ಚೀಟಿ ಇರುವವನು, ಇವತ್ತು ಯಾರೂ ಹತ್ತಬೇಡಿ ಎಂದು
ಸಹಿ ಹಾಕಬಹುದು.
ಅದಕ್ಕೇ ಐವತ್ತೆರಡರಲ್ಲಿ ಈ ಕೋಸೈನ್,
ಸಂತೆಯಲ್ಲಿ ಆರಿಸಿ ತಂದ ಈ ಕನ್ನಡಕ.

ಮಲಗುವ ಮುಂಚೆ ಪುಸ್ತಕ ಮುಚ್ಚಲು ಹೋದೆ.
ಏಣಿ ಲೆಕ್ಕದ ಚಿತ್ರದಲ್ಲಿ, ಬುಡಕ್ಕೆ,
ಕಡ್ಡಿ ಕಾಲು ಕಡ್ಡಿ ಕೈಯ ಒಬ್ಬ ನಿಂತಿದ್ದ,
ಎರಡೂ ಕೈಯಲ್ಲಿ ಹಿಡಿದುಕೊಂಡು.
ಪುಸ್ತಕ ಶಾಲೆಯದು, ಸೋಮವಾರ ತೋರಿಸಬೇಕು.
ರಬ್ಬರು ತೆಗೆದುಕೊಂಡೆ.
ಸ್ವೆಟರಿನ ಜೇಬಿಗೆ ಹಾಕಿಕೊಂಡೆ.